ಬಡವರ ಬೆಳ್ಳಿ: ಖಾಲಿ ಡಬ್ಬಿಗಳ ಒಂದು ಚಳಿಗಾಲದ ಚರಿತ್ರೆ

ಕಳೆದ ಡಿಸೆಂಬರಿನಲ್ಲಿ ಅಕ್ಕನ ಮಗಳ ಶಾಲೆಯಿಂದ ಒಂದು ಚೀಟಿ ಬಂತು. ‘ಕಸದಿಂದ ರಸ’ ಎಂಬ ಚಟುವಟಿಕೆ. ಮನೆಯಲ್ಲಿ ಬಳಸಿ ಬಿಟ್ಟ ಡಬ್ಬಿ, ಬಾಟಲಿಗಳಿಂದ ಚಳಿಗಾಲದ ಅಲಂಕಾರವೊಂದನ್ನು ಮಾಡಿ ತರಬೇಕು. ಜೊತೆಗಿದ್ದ ಚಿತ್ರದಲ್ಲಿ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಹಿಮದ ಬೊಂಬೆ, ಕೊರಳಿಗೆ ಕೆಂಪು ಬಟ್ಟೆ. ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ಅದಿರಲಿ. ತೊಡಕು ಬೇರೆಯದೇ ಇತ್ತು. ಮನೆಯಲ್ಲಿ ಆ ಅಳತೆಯ ಖಾಲಿ ಬಾಟಲಿ ಇರಲಿಲ್ಲ. ಅಕ್ಕ ಅಂಗಡಿಗೆ ಹೋಗಿ ಎರಡು ಲೀಟರಿನ ತಂಪು ಪಾನೀಯ ತಂದಳು. ಸಂಜೆ ಇಬ್ಬರೂ ಅದನ್ನು ಬಚ್ಚಲಿಗೆ ಸುರಿಯುತ್ತಿದ್ದಾಗ ನಾನು ನಗುತ್ತ ನಿಂತಿದ್ದೆ. ಮಗು ಮಾತ್ರ ಗಂಭೀರವಾಗಿ, “ಮತ್ತೆ ಖಾಲಿ ಆಗೋದು ಹೇಗೆ ಚಿಕ್ಕೀ?” ಎಂದು ಕೇಳಿತು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮನೆಬಳಕೆಯ ವಸ್ತುಗಳ ಚರಿತ್ರೆಯ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ, ಆ ದಿನಗಳಲ್ಲಿ ಓದುತ್ತಿದ್ದ ಒಂದು ದೂರದ ಪ್ರದೇಶದ ಕಥೆ ಈ ಬಚ್ಚಲಿನ ಮುಂದೆ ಬೇರೆಯೇ ಅರ್ಥದಲ್ಲಿ ಕಾಣತೊಡಗಿತು. ಖಾಲಿಯಾದ ಡಬ್ಬಿ ಎಲ್ಲಿಂದ ಬರುತ್ತದೆ? ಅದನ್ನು ಖಾಲಿ ಮಾಡಿದವರು ಯಾರು? ಅದನ್ನು ಎತ್ತಿಟ್ಟುಕೊಂಡವರು ಯಾರು? ಈ ಮೂರು ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಸಿಗುವ ಜಾಗಗಳಲ್ಲಿ ಅಮೆರಿಕದ ನೈರುತ್ಯ ಭಾಗದ ನ್ಯೂ ಮೆಕ್ಸಿಕೊ ಒಂದು. ಅಲ್ಲಿ ಇಂದಿಗೂ ಕ್ರಿಸ್‌ಮಸ್ ಹಿಂದಿನ ರಾತ್ರಿ ಮಣ್ಣಿನ ಮನೆಗಳ ಮಾಳಿಗೆಯಂಚಿನಲ್ಲಿ, ದಿನಸಿ ಕಟ್ಟುವಂಥ ಕಂದು ಕಾಗದದ ಚೀಲಗಳೊಳಗೆ ಮೇಣದ ಬತ್ತಿಗಳು ಉರಿಯುತ್ತವೆ. ಅಲ್ಲಿನ ಹಳೆಯ ಮನೆ, ಚರ್ಚುಗಳ ಗೋಡೆಯ ಮೇಲೆ ತಗಡಿನ ಚೌಕಟ್ಟುಗಳು, ತಗಡಿನ ದೀಪದ ಗೂಡುಗಳು ಹೊಳೆಯುತ್ತವೆ. ಹಳೆಯ ಚೌಕಟ್ಟು ಕೆಲವನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಯಾವುದೋ ಕಂಪನಿಯ ಹೆಸರಿನ ಅಕ್ಷರಗಳು ಉಳಿದಿರುತ್ತವೆ. ಮುಂದೆ ಮೇರಿ ಮಾತೆ, ಹಿಂದೆ ಹಂದಿ ಕೊಬ್ಬು ಮಾರುವವನ ಮುದ್ರೆ. ಈ ಬರಹ ಆ ಹಿಂಬದಿಯ ಕುರಿತದ್ದು.

*

ಸಾಂತಾ ಫೆ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 7000 ಅಡಿ ಎತ್ತರದಲ್ಲಿದೆ. ಅದು ಒಣನಾಡು, ಆದರೆ ಚಳಿಗಾಲದಲ್ಲಿ ಹಿಮ ಬೀಳುತ್ತದೆ. 1598ರಲ್ಲಿ ಹ್ವಾನ್ ದೆ ಓನ್ಯಾತೆಯ ತಂಡದೊಂದಿಗೆ ಸ್ಪೇನಿನ ವಸಾಹತು ಇಲ್ಲಿ ಬೇರೂರಿತು. ಪ್ಯೂಬ್ಲೊ ಜನರು ಅದಕ್ಕೂ ಎಷ್ಟೋ ಶತಮಾನ ಹಿಂದಿನಿಂದ ಇಲ್ಲಿ ಮಣ್ಣಿನ ಮನೆಗಳ ಊರು ಕಟ್ಟಿಕೊಂಡಿದ್ದರು. ಮೆಕ್ಸಿಕೊ ನಗರದಿಂದ ಇಲ್ಲಿಗೆ ಬರುವ ದಾರಿ ಸುಮಾರು 2500 ಕಿಲೋಮೀಟರ್. ಎತ್ತಿನ ಗಾಡಿ, ಹೇಸರಗತ್ತೆಗಳ ಮೇಲೆ ತಿಂಗಳುಗಟ್ಟಲೆ ಪಯಣಿಸಿ ಬರುವ ಸರಕಿನಲ್ಲಿ ಲೋಹ ಎಂಬುದು ಅತಿ ತುಟ್ಟಿ. ಕಬ್ಬಿಣದ ಮೊಳೆ ಸಿಗದೆ ಮರಕ್ಕೆ ಮರವನ್ನೇ ಕಚ್ಚಿಸಿ ಪೆಟ್ಟಿಗೆ ಮಾಡುತ್ತಿದ್ದ ಸೀಮೆ ಅದು.

ಆದರೆ ದೇವರಿಗೆ ಹೊಳಪು ಬೇಕು. ಸಣ್ಣ ಕಿಟಕಿಗಳ, ದಪ್ಪ ಮಣ್ಣುಗೋಡೆಯ ಕತ್ತಲ ಚರ್ಚಿನಲ್ಲಿ ಮೇಣದ ಬತ್ತಿಯ ಒಂದು ಕುಡಿಯನ್ನು ನಾಲ್ಕಾಗಿ ತೋರುವಂಥದ್ದು ಏನಾದರೂ ಬೇಕು. ಅದಕ್ಕೆ ಅಲ್ಲಿನವರು ಮೊದಲು ಕಂಡುಕೊಂಡದ್ದು ಹುಲ್ಲು. ಗೋಧಿ ಹುಲ್ಲಿನ ಎಳೆಗಳನ್ನು ಸೀಳಿ, ಚಪ್ಪಟೆ ಮಾಡಿ, ಕಪ್ಪು ಬಳಿದ ಮರದ ಶಿಲುಬೆಯ ಮೇಲೆ ಅಂಟಿಸಿದರೆ ದೀಪದ ಬೆಳಕಿಗೆ ಚಿನ್ನದ ಕೆಲಸದಂತೆ ಹೊಳೆಯುತ್ತದೆ. ಅದನ್ನು ‘ಬಡವರ ಚಿನ್ನ’ ಎಂದು ಕರೆಯುವುದುಂಟು. ‘ಬಡವರ ಬೆಳ್ಳಿ’ ಆಮೇಲೆ ಬಂತು, ಡಬ್ಬಿಯ ರೂಪದಲ್ಲಿ.

ತಗಡಿನ ಡಬ್ಬಿಯೂ ಯುದ್ಧದ ಕೂಸು. ನೆಪೋಲಿಯನ್ ಕಾಲದಲ್ಲಿ ಫ್ರಾನ್ಸಿನ ಸರಕಾರ ನಿಕೊಲಾ ಅಪೆರ್ ಎಂಬ ಮಿಠಾಯಿಗಾರನಿಗೆ 12,000 ಫ್ರಾಂಕುಗಳ ಬಹುಮಾನ ಕೊಟ್ಟಿತು. ಗಾಜಿನ ಪಾತ್ರೆಯಲ್ಲಿ ಆಹಾರ ತುಂಬಿ, ಬಿಗಿದು, ಕುದಿಸಿ ಕೆಡದಂತೆ ಇಡುವ ವಿಧಾನಕ್ಕೆ. ಅದೇ 1810ರಲ್ಲಿ ಇಂಗ್ಲೆಂಡಿನ ಪೀಟರ್ ಡ್ಯೂರಾಂಡ್ ಗಾಜಿನ ಜೊತೆಗೆ ತಗಡಿನ ಪಾತ್ರೆಯನ್ನೂ ಸೇರಿಸಿ ಪೇಟೆಂಟ್ ಪಡೆದ. ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ನೌಕಾಪಡೆಗೆ ಡಬ್ಬಿಯ ಮಾಂಸ ಹೋಗತೊಡಗಿತು. ತಮಾಷೆಯೆಂದರೆ ಡಬ್ಬಿ ತೆರೆಯುವ ಉಪಕರಣ ಬಂದದ್ದು 1850ರ ದಶಕದಲ್ಲಿ. ಅಲ್ಲಿಯವರೆಗೆ ಉಳಿ, ಸುತ್ತಿಗೆಗಳಿಂದ ಬಡಿದು ತೆರೆಯಬೇಕಿತ್ತು.

ಈ ತಗಡು ಏನೆಂದು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಬೀದಿಯಲ್ಲಿ ತಿದಿ ಊದಿ, ನವಸಾಗರದ ಬಿಳಿ ಹೊಗೆ ಎಬ್ಬಿಸಿ, ಹಿತ್ತಾಳೆ ಪಾತ್ರೆಯೊಳಗೆ ತವರವನ್ನು ಅರಿವೆಯಿಂದ ಬಳಿಯುತ್ತಿದ್ದ ಕಲಾಯಿಯವರನ್ನು ಕಂಡವರು ಇನ್ನೂ ಇದ್ದಾರೆ. ಡಬ್ಬಿಯ ತಗಡೂ ಕಲಾಯಿಯೇ. ತೆಳುವಾದ ಕಬ್ಬಿಣದ ಹಾಳೆಗೆ ತವರದ ಪದರ ಕೊಟ್ಟರೆ ಬೇಗ ತುಕ್ಕು ಹಿಡಿಯದು, ಬೆಸುಗೆ ಚೆನ್ನಾಗಿ ಕೂರುತ್ತದೆ, ಹೊಸದರಲ್ಲಿ ಬೆಳ್ಳಿಯಂತೆ ಮಿನುಗುತ್ತದೆ. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಅಮೆರಿಕದ ಡಬ್ಬಿಗಳಿಗೆ ಈ ಹಾಳೆ ಬರುತ್ತಿದ್ದದ್ದು ವೇಲ್ಸಿನ ಸ್ವಾನ್ಸಿ, ಲನೆಥ್ಲಿ ಕಡೆಯ ಕಾರ್ಖಾನೆಗಳಿಂದ. ಅಮೆರಿಕ 1890ರಲ್ಲಿ ದೊಡ್ಡ ಆಮದು ಸುಂಕದ ಕಾನೂನು ಮಾಡಿದ ಮೇಲಷ್ಟೇ ಅಲ್ಲಿನ ಸ್ವಂತ ತಗಡಿನ ಉದ್ಯಮ ಎದ್ದು ನಿಂತಿತು. ಅಂದರೆ, ಸಾಂತಾ ಫೆಯ ಮಣ್ಣುಗೋಡೆಯ ಮೇಲಿನ ಹಳೆಯ ಮಿನುಗು ಬಹುಮಟ್ಟಿಗೆ ಅಟ್ಲಾಂಟಿಕ್ ದಾಟಿ ಬಂದದ್ದು.

*

1821ರಲ್ಲಿ ಮೆಕ್ಸಿಕೊ ಸ್ಪೇನಿನಿಂದ ಬಿಡಿಸಿಕೊಂಡಿತು. ಅದೇ ವರ್ಷ ಮಿಸೌರಿಯ ವ್ಯಾಪಾರಿ ವಿಲಿಯಂ ಬೆಕ್ನೆಲ್ ಸರಕು ಹೇರಿಕೊಂಡು ಸಾಂತಾ ಫೆಗೆ ಬಂದ. ಆ ದಾರಿಯಲ್ಲಿ ಪೂರ್ವದ ಸಾಮಾನು ಗಾಡಿಗಟ್ಟಲೆ ಬರತೊಡಗಿತು. ಇಪ್ಪತ್ತೈದು ವರ್ಷಗಳ ನಂತರ, 1846ರ ಆಗಸ್ಟಿನಲ್ಲಿ, ಅದೇ ದಾರಿಯಲ್ಲಿ ಅಮೆರಿಕದ ಸೈನ್ಯ ಬಂತು. ಜನರಲ್ ಸ್ಟೀಫನ್ ಕರ್ನಿ ಒಂದು ಗುಂಡನ್ನೂ ಹಾರಿಸದೆ ಸಾಂತಾ ಫೆಯನ್ನು ಹಿಡಿದ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಮುಂದಿನ ಚಳಿಗಾಲದ ಕಥೆ ಹಾಗಿಲ್ಲ. 1847ರ ಜನವರಿಯಲ್ಲಿ ತಾವೋಸ್ ಪಟ್ಟಣದಲ್ಲಿ ಹಿಸ್ಪಾನಿಕರೂ ಪ್ಯೂಬ್ಲೊ ಜನರೂ ಸೇರಿ ಬಂಡೆದ್ದು ಹೊಸ ಗವರ್ನರ್ ಚಾರ್ಲ್ಸ್ ಬೆಂಟ್‌ನನ್ನು ಕೊಂದರು. ಫೆಬ್ರವರಿಯಲ್ಲಿ ಸೈನ್ಯ ತಾವೋಸ್ ಪ್ಯೂಬ್ಲೊದ ಚರ್ಚಿಗೆ ಫಿರಂಗಿ ಹೊಡೆಯಿತು. ಒಳಗೆ ಸೇರಿಕೊಂಡಿದ್ದ ಅನೇಕರು ಸತ್ತರು. ಆ ಚರ್ಚಿನ ಪಾಳು ಗೋಪುರ ಇಂದಿಗೂ ನಿಂತಿದೆ. 1848ರ ಗ್ವಾದಲೂಪೆ ಹಿದಾಲ್ಗೊ ಒಪ್ಪಂದದ ನಂತರ ಪ್ರದೇಶ ಅಮೆರಿಕದ್ದಾಯಿತು. ಊರವರಿಗೆ ಸೇರಿದ್ದ ಗೋಮಾಳ, ಕಾಡು, ಹೊಲಗಳು ಮುಂದಿನ ದಶಕಗಳಲ್ಲಿ ವಕೀಲರ, ಭೂವ್ಯಾಪಾರಿಗಳ ಪಾಲಾದದ್ದು ಇನ್ನೊಂದು ದೀರ್ಘ ಕಥೆ.

ಈ ಸೈನ್ಯದ, ಅದರ ಹಿಂದೆ ಬಂದ ವ್ಯಾಪಾರಿಗಳ ಬಂಡಿಗಳಲ್ಲಿ ಡಬ್ಬಿಗಳಿದ್ದವು. ಹಂದಿ ಕೊಬ್ಬು, ಮುಂದೆ ಸೀಮೆಎಣ್ಣೆ, ಹಣ್ಣು, ಮೀನು. ಒಳಗಿನದನ್ನು ತಿಂದವರು, ಉರಿಸಿದವರು ಹೆಚ್ಚಾಗಿ ಹೊರಗಿನವರು. ಡಬ್ಬಿ ಮಾತ್ರ ಊರಿನಲ್ಲಿ ಉಳಿಯಿತು. ಅದಕ್ಕೂ ಮೊದಲು ಮೆಕ್ಸಿಕೊ ಕಡೆಯಿಂದ ತಗಡಿನ ಸಾಮಾನು ಅಪರೂಪಕ್ಕೆ ಬರುತ್ತಿತ್ತು. ಮೆಕ್ಸಿಕೊದಲ್ಲಿ ತಗಡಿನ ಕುಶಲಕಲೆಯ ಪರಂಪರೆಯೇ ಇತ್ತು. ಈಗ ಕಚ್ಚಾ ಸರಕು ತಿಪ್ಪೆಯಲ್ಲೇ ಸಿಗತೊಡಗಿತು.

1851ರಲ್ಲಿ ಫ್ರೆಂಚ್ ಮೂಲದ ಬಿಷಪ್ ಜಾನ್ ಬ್ಯಾಪ್ಟಿಸ್ಟ್ ಲಾಮಿ ಸಾಂತಾ ಫೆಗೆ ಬಂದ. ಅಮೆರಿಕದ ಕಾದಂಬರಿ ಓದುವವರಿಗೆ ಈತ ಬೇರೆ ಹೆಸರಿನಲ್ಲಿ ಪರಿಚಿತ. ವಿಲಾ ಕ್ಯಾಥರ್ 1927ರಲ್ಲಿ ಪ್ರಕಟಿಸಿದ ‘ಡೆತ್ ಕಮ್ಸ್ ಫಾರ್ ದಿ ಆರ್ಚ್‌ಬಿಷಪ್’ ಕಾದಂಬರಿಯ ನಾಯಕ ಇವನ ಜೀವನವನ್ನು ಆಧರಿಸಿ ಮೂಡಿದವನು. ಲಾಮಿಯ ಜೊತೆಗಿನ ಪಾದ್ರಿಗಳಿಗೆ ಊರಿನ ಬಡಗಿಗಳು ಕೆತ್ತಿದ ಸಂತರ ಮರದ ಬೊಂಬೆಗಳು ಒರಟಾಗಿ ಕಂಡವು. ಅವುಗಳ ಜಾಗಕ್ಕೆ ಯೂರೋಪಿನ, ನ್ಯೂಯಾರ್ಕಿನ ಮುದ್ರಣಾಲಯಗಳಲ್ಲಿ ಅಚ್ಚಾದ ಬಣ್ಣದ ಚಿತ್ರಪಟಗಳು ಬಂದವು. ನಮ್ಮಲ್ಲಿ ರವಿವರ್ಮನ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿಯರು ದೇವರ ಗೂಡಿಗೆ ಬಂದು ಕೂತ ರೀತಿಯನ್ನು ನೆನೆದರೆ ಇದು ಅರ್ಥವಾದೀತು. ಕಾಗದದ ದೇವರಿಗೆ ಚೌಕಟ್ಟು ಬೇಕು, ಗಾಜು ಬೇಕು. ಚೌಕಟ್ಟಿಗೆ ತಗಡು ಇತ್ತು. ಡಬ್ಬಿ, ದೇವರು, ಕುಶಲಿಯ ಕೈ ಮೂರೂ ಕೂಡಿದ್ದು ಹೀಗೆ.

ಕೆಲಸದ ಬಗೆ ಸರಳ, ಕೈಚಳಕ ಸರಳವಲ್ಲ. ಡಬ್ಬಿಯ ತಳ, ಮುಚ್ಚಳ ಕತ್ತರಿಸಿ, ಬೆಸುಗೆ ಬಿಡಿಸಿ, ಸುರುಳಿ ಬಿಚ್ಚಿ, ಮಟ್ಟಸ ಬಡಿಯಬೇಕು. ಡಬ್ಬಿಯ ಹಾಳೆ ಸಣ್ಣದು, ಹಾಗಾಗಿ ದೊಡ್ಡ ಚೌಕಟ್ಟನ್ನು ಹಲವು ತುಂಡುಗಳಿಂದ ಜೋಡಿಸಬೇಕು. ಈ ಮಿತಿಯೇ ಅಂದವಾಯಿತು. ಮೂಲೆಗೊಂದು ಬಿಲ್ಲೆ, ನೆತ್ತಿಗೊಂದು ಅರ್ಧಚಂದ್ರ, ಬದಿಗೆರಡು ರೆಕ್ಕೆ. ಪ್ರತಿ ಬೆಸುಗೆಯ ಗೆರೆಯನ್ನು ಮುಚ್ಚಲು ಒಂದೊಂದು ಹೂವು. ಚಿತ್ತಾರ ಬಿಡಿಸಲು ಮೊನೆ ಅರೆದ ಮೊಳೆ, ಉಳಿ, ಚರ್ಮದ ಜೀನಿಗೆ ಅಚ್ಚೊತ್ತುವಂಥ ಹತ್ಯಾರಗಳು ಸಾಕು. ಹಿಂದಿನಿಂದ ಮೆಲ್ಲಗೆ ಬಡಿದರೆ ಮುಂದೆ ಚುಕ್ಕಿ ಉಬ್ಬುತ್ತದೆ. ಚುಕ್ಕಿಗೆ ಚುಕ್ಕಿ ಸೇರಿ ಬಳ್ಳಿಯಾಗುತ್ತದೆ. ಬೆಸುಗೆ ಹಿಡಿಯಲು ಅಲ್ಲಿನ ಪಿನ್ಯೋನ್ ಮರದ ರಾಳ. ಬದಿಯ ಪಟ್ಟಿಗಳಲ್ಲಿ ಗಾಜಿನ ಕೆಳಗೆ ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಚೂರು, ಇಲ್ಲವೇ ಗಾಜಿನ ಮೇಲೆಯೇ ಅಲೆ ಅಲೆಯಾಗಿ ಎಳೆದ ಬಣ್ಣ. ಚೌಕಟ್ಟು, ಶಿಲುಬೆ, ಗೋಡೆದೀಪ, ಸಂತನನ್ನು ಕೂರಿಸುವ ಗೂಡು, ಮೇಣದ ಬತ್ತಿಗಳ ತೂಗುದೀಪ ಎಲ್ಲವೂ ಇದೇ ತಗಡಿನಲ್ಲಿ ಆದವು. ಬತ್ತಿಯ ಹಿಂದೆ ತಗಡಿನ ಹಾಳೆ ನಿಂತರೆ ಬೆಳಕು ಇಮ್ಮಡಿಯಾಗುತ್ತದೆ. ಡಿಸೆಂಬರಿನ ದೀರ್ಘ ರಾತ್ರಿಗಳಲ್ಲಿ ಇದು ಬರಿಯ ಅಲಂಕಾರವಾಗಿರಲಿಲ್ಲ.

ಮಾಡಿದವರು ಯಾರು? ಬಹುಪಾಲು ಕೆಲಸಗಳಿಗೆ ಸಹಿಯಿಲ್ಲ. ಲೇನ್ ಕೌಲ್ಟರ್, ಮಾರಿಸ್ ಡಿಕ್ಸನ್ ಎಂಬಿಬ್ಬರು 1990ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 1840ರಿಂದ 1940ರವರೆಗಿನ ನ್ಯೂ ಮೆಕ್ಸಿಕೊದ ತಗಡಿನ ಕೆಲಸವನ್ನು ಗುಂಪು ಗುಂಪಾಗಿ ವಿಂಗಡಿಸಿದರು. ಅಚ್ಚಿನ ಗುರುತು, ಮೂಲೆಯ ಆಕಾರ, ಬಣ್ಣಗಳನ್ನು ಹೋಲಿಸಿ, ಇದು ಒಂದೇ ಕಮ್ಮಟದ್ದು ಎಂದು ಹೇಳುವ ವಿಧಾನ ಅವರದು. ಶಾಸನಗಳ ಲಿಪಿ ನೋಡಿ ರೂವಾರಿಯನ್ನು ಊಹಿಸುವ ನಮ್ಮ ವಿದ್ವಾಂಸರ ಕೆಲಸಕ್ಕೆ ಇದು ಹತ್ತಿರ. ಕೆಲವು ಹೆಸರುಗಳಂತೂ ಉಳಿದಿವೆ. ಹೊಸೆ ಮರಿಯಾ ಅಪೋದಾಕಾ (1844–1924) ಅವರಲ್ಲೊಬ್ಬ. ನನಗೆ ಹೆಚ್ಚು ಪ್ರಿಯನಾದವನು ಹಿಹಿನಿಯೊ ಗೊನ್ಸಾಲೆಸ್ (1842–1921). ಈತ ಸ್ಪ್ಯಾನಿಷ್ ಭಾಷೆಯ ಕವಿಯೂ ಹೌದು, ತಗಡಿನ ಕೆಲಸಗಾರನೂ ಹೌದು. ಇವನ ಬದುಕಿನ ಮೇಲೆ ಡಿಕ್ಸನ್ 2015ರಲ್ಲಿ ಒಂದು ಪೂರ್ಣ ಪುಸ್ತಕ ತಂದರು. ಹುಟ್ಟಿದಾಗ ಅವನ ನಾಡು ಮೆಕ್ಸಿಕೊ. ನಾಲ್ಕು ವರ್ಷದವನಿದ್ದಾಗ ಅಮೆರಿಕದ ಸೈನ್ಯ ಬಂತು. ಅವನು ತೀರಿಕೊಳ್ಳುವ ಹೊತ್ತಿಗೆ ಅದು ಅಮೆರಿಕದ ಒಂದು ರಾಜ್ಯವಾಗಿ ಒಂಬತ್ತು ವರ್ಷ ಕಳೆದಿತ್ತು. ಆಡಳಿತದ ಭಾಷೆ ಬದಲಾದ ನಾಡಿನಲ್ಲಿ ತನ್ನ ಭಾಷೆಯಲ್ಲೇ ಪದ್ಯ ಕಟ್ಟುತ್ತ, ಬಂದವರ ಡಬ್ಬಿಯಿಂದ ತನ್ನ ಸಂತರಿಗೆ ಪ್ರಭಾವಳಿ ಬಡಿಯುತ್ತ ಇದ್ದ ಈ ಮನುಷ್ಯನನ್ನು ನೆನೆದಾಗ, ‘ಮರುಬಳಕೆ’ ಎಂಬ ಪದ ನನಗೆ ತೀರ ಸಣ್ಣದಾಗಿ ಕಾಣುತ್ತದೆ. ಫಿರಂಗಿ ಬಂದ ದಾರಿಯಲ್ಲೇ ಬಂದ ತಗಡು ಅದು. ಗೆದ್ದವರ ಕಸದಿಂದ ಸೋತವರು ತಮ್ಮ ದೇವರ ಮನೆಯನ್ನು ಬೆಳಗಿಸಿಕೊಂಡರು.

*

ಇನ್ನು ಕಾಗದದ ಚೀಲ. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ರಾತ್ರಿ ಅಲ್ಲಿ ‘ಲಾಸ್ ಪೊಸಾದಾಸ್’ ಎಂಬ ಆಚರಣೆ. ಮೇರಿ, ಜೋಸೆಫ್ ತಂಗಲು ಜಾಗ ಹುಡುಕುತ್ತ ಮನೆಮನೆಯ ಬಾಗಿಲು ತಟ್ಟುವುದನ್ನು ಊರವರು ಹಾಡುತ್ತ ಅಭಿನಯಿಸುತ್ತಾರೆ. ಅವರಿಗೆ ದಾರಿ ತೋರಲು ಪಿನ್ಯೋನ್ ಮರದ ತುಂಡುಗಳನ್ನು ಚೌಕವಾಗಿ ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ ಹಚ್ಚುವ ಸಣ್ಣ ಬೆಂಕಿಗೆ ‘ಲುಮಿನಾರಿಯಾ’ ಎನ್ನುತ್ತಿದ್ದರು. ಕಾಗದದ ಲಾಂದ್ರಗಳ ಆಸೆಯೂ ಇತ್ತು. ಏಷ್ಯಾದ ಸರಕು ಮನಿಲಾದಿಂದ ಹಡಗೇರಿ ಮೆಕ್ಸಿಕೊ ತಲುಪುತ್ತಿದ್ದ ಕಾಲದಿಂದಲೂ ಚೀನಾದ ಲಾಂದ್ರಗಳ ಮೋಹ ಇತ್ತೆಂದು ಹೇಳುವ ಕಥೆಯೊಂದಿದೆ. ಆದರೆ ಕಾಗದದ ಚೀಲ ನೆಲದ ಮೇಲೆ ತಾನೇ ನಿಲ್ಲಬೇಕಾದರೆ ಅದಕ್ಕೆ ತಳ ಬೇಕು. ಆ ತಳ ಬಂದದ್ದು ಅಮೆರಿಕದ ಪೂರ್ವ ತೀರದ ಕಾರ್ಖಾನೆಗಳಿಂದ.

1852ರಲ್ಲಿ ಪೆನ್ಸಿಲ್ವೇನಿಯದ ಬೆಥ್ಲೆಹೆಮ್ ಎಂಬ ಊರಿನ ಫ್ರಾನ್ಸಿಸ್ ವೂಲೆ ಕಾಗದದ ಚೀಲ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಆತ ಮೊರೇವಿಯನ್ ಪಂಥದ ಧರ್ಮಗುರು, ಪಾಚಿಗಳನ್ನು ಅಧ್ಯಯನ ಮಾಡಿದ ಸಸ್ಯಶಾಸ್ತ್ರಜ್ಞನೂ ಹೌದು. ಆದರೆ ಆ ಚೀಲ ಅಂಚೆ ಲಕೋಟೆಯಂತೆ ಚಪ್ಪಟೆ, ನಿಲ್ಲಿಸಿದರೆ ಬೀಳುತ್ತದೆ. ಚೌಕ ತಳದ ಚೀಲವನ್ನು ತಾನೇ ಮಡಚಿ ಅಂಟಿಸುವ ಯಂತ್ರ ರೂಪಿಸಿದವಳು ಮಾರ್ಗರೆಟ್ ನೈಟ್, ಮ್ಯಾಸಚೂಸೆಟ್ಸಿನ ಚೀಲದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹೆಂಗಸು. ಅವಳ ಯಂತ್ರದ ಮಾದರಿ ತಯಾರಾಗುತ್ತಿದ್ದ ಕಮ್ಮಟದಲ್ಲಿ ಅದನ್ನು ನೋಡಿದ ಚಾರ್ಲ್ಸ್ ಅನಾನ್ ಎಂಬವನು ತನ್ನದೆಂದು ಪೇಟೆಂಟ್ ಮಾಡಿಸಿಕೊಂಡ. ಅವಳು ದಾವೆ ಹೂಡಿದಳು. ತನ್ನ ನಕ್ಷೆ, ಟಿಪ್ಪಣಿ, ಸಾಕ್ಷಿಗಳನ್ನು ಮುಂದಿಟ್ಟಳು, ಗೆದ್ದಳು. 1871ರಲ್ಲಿ ಪೇಟೆಂಟ್ ಅವಳ ಹೆಸರಿಗೆ ಬಂತು. 1883ರಲ್ಲಿ ಚಾರ್ಲ್ಸ್ ಸ್ಟಿಲ್‌ವೆಲ್ ಬದಿಗೆ ನೆರಿಗೆ ಕೊಟ್ಟ. ಒಮ್ಮೆ ಝಾಡಿಸಿದರೆ ಚೀಲ ತಾನೇ ಬಾಯಿ ತೆರೆದು ನಿಲ್ಲುವಂತಾಯಿತು. ಈ ನಡುವೆ 1880ರಲ್ಲಿ ರೈಲು ಸಾಂತಾ ಫೆ, ಆಲ್ಬುಕರ್ಕಿಗಳನ್ನು ಮುಟ್ಟಿತ್ತು. ದಿನಸಿ ಅಂಗಡಿಯ ಸಕ್ಕರೆ, ಕಾಫಿ, ಹಿಟ್ಟಿನೊಡನೆ ಚೌಕ ತಳದ ಚೀಲ ಮನೆಗೆ ಬರತೊಡಗಿತು.

ಖಾಲಿ ಚೀಲದ ಬಾಯಿಯಂಚನ್ನು ಹೊರಕ್ಕೆ ಒಂದು ಮಡಿಕೆ ಮಡಿಸಿದರೆ ಅದು ಗಟ್ಟಿಯಾಗಿ ತೆರೆದು ನಿಲ್ಲುತ್ತದೆ. ಒಳಗೆ ಎರಡು ಮೂರು ಬೆರಳೆತ್ತರ ಮರಳು. ಅದರ ಭಾರಕ್ಕೆ ಗಾಳಿಯಲ್ಲಿ ಚೀಲ ಹಾರದು, ಬತ್ತಿ ವಾಲದು, ಕಾಗದಕ್ಕೆ ಕಿಡಿ ತಾಗದು. ನಡುವೆ ಮೇಣದ ಬತ್ತಿ. ಕಂದು ಕಾಗದದ ಮೂಲಕ ಬರುವಾಗ ಬೆಳಕು ಜೇನಿನ ಬಣ್ಣ ತಾಳುತ್ತದೆ. ಸಾಂತಾ ಫೆಯವರು ಇದನ್ನು ‘ಫರೊಲಿತೊ’ ಎನ್ನುತ್ತಾರೆ, ಪುಟ್ಟ ಲಾಂದ್ರ ಎಂದರ್ಥ. ಮೂಲ ಪದ ‘ಫರೋಲ್’. ಅದರ ಬೇರು ಅಲೆಕ್ಸಾಂಡ್ರಿಯದ ದೀಪಸ್ತಂಭವಿದ್ದ ಫಾರೋಸ್ ದ್ವೀಪದವರೆಗೆ ಹೋಗುತ್ತದೆ. ಜಗತ್ತಿನ ಅದ್ಭುತಗಳಲ್ಲೊಂದರ ಹೆಸರು ಕೊನೆಗೆ ಸಕ್ಕರೆ ಚೀಲಕ್ಕೆ ಸಂದಿತು! ನೂರು ಕಿಲೋಮೀಟರ್ ಕೆಳಗಿನ ಆಲ್ಬುಕರ್ಕಿಯವರು ಮಾತ್ರ ಚೀಲವನ್ನೇ ‘ಲುಮಿನಾರಿಯಾ’ ಎಂದು ಕರೆಯುತ್ತಾರೆ. ಯಾವುದು ಸರಿ ಎಂಬ ಜಗಳ ಪ್ರತಿ ಡಿಸೆಂಬರಿನಲ್ಲೂ ಎರಡೂ ಊರುಗಳ ನಡುವೆ ನಡೆಯುತ್ತದೆ. ನಾವು ದೋಸೆಯ ದಪ್ಪದ ಬಗ್ಗೆ ಆಡುವ ಜಗಳದ ಹಾಗೆ, ಯಾರೂ ಸೋಲುವುದಿಲ್ಲ.

*

ಈ ಕಥೆಯ ಇನ್ನೊಂದು ಕವಲು ನಮ್ಮ ಅಡುಗೆಮನೆಗೂ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಸೀಮೆಎಣ್ಣೆ ಏಷ್ಯಾಕ್ಕೆ ಬರುತ್ತಿದ್ದದ್ದು ಚೌಕ ಡಬ್ಬಗಳಲ್ಲಿ, ಮರದ ಪೆಟ್ಟಿಗೆಗೆ ಎರಡರಂತೆ. ‘ಸೀಮೆ’ ಎಂಬ ಪದವೇ ಅದರ ದಾರಿಯನ್ನು ಹೇಳುತ್ತದೆ. ಸೀಮೆಸುಣ್ಣ, ಸೀಮೆಬದನೆಗಳ ಹಾಗೆ ಪರಸ್ಥಳದ್ದು. 1892ರಲ್ಲಿ ಲಂಡನ್ನಿನ ಮಾರ್ಕಸ್ ಸ್ಯಾಮ್ಯುಯೆಲ್ ಒಂದು ದೊಡ್ಡ ಹೂಟ ಹೂಡಿದ. ರಷ್ಯದ ಎಣ್ಣೆಯನ್ನು ಡಬ್ಬಗಳಿಲ್ಲದೆ ಹಡಗಿನ ಹೊಟ್ಟೆಗೇ ತುಂಬಿ ಸುಯೆಜ್ ಕಾಲುವೆಯ ಮೂಲಕ ಪೂರ್ವಕ್ಕೆ ಕಳಿಸಿದ. ಡಬ್ಬದ ಖರ್ಚಿಲ್ಲ, ಹಾಗಾಗಿ ಎಣ್ಣೆ ಅಗ್ಗ. ಜನ ತಮ್ಮ ಪಾತ್ರೆ ತಂದು ತುಂಬಿಸಿಕೊಳ್ಳುತ್ತಾರೆ ಎಂದು ಅವನ ಲೆಕ್ಕ. ಲೆಕ್ಕ ತಪ್ಪಿತು. ಜನರಿಗೆ ಎಣ್ಣೆಯಷ್ಟೇ ಡಬ್ಬವೂ ಬೇಕಾಗಿತ್ತು. ಸ್ಟ್ಯಾಂಡರ್ಡ್ ಆಯಿಲ್‌ನ ನೀಲಿ ಡಬ್ಬ ಏಷ್ಯಾದ ಊರುಗಳಲ್ಲಿ ಮನೆಯ ಚಾವಣಿಯಿಂದ ಹಕ್ಕಿಯ ಪಂಜರದವರೆಗೆ ನೂರು ರೂಪ ತಾಳಿತ್ತು. ಕೊನೆಗೆ ಸ್ಯಾಮ್ಯುಯೆಲ್ ಹಡಗು ತುಂಬ ತಗಡು ಕಳಿಸಿ, ಅಲ್ಲಲ್ಲೇ ಡಬ್ಬ ಮಾಡಿಸಿ, ಹೊಳೆಯುವ ಕೆಂಪು ಬಣ್ಣ ಬಳಿಸಿ ಮಾರಬೇಕಾಯಿತು. ಶೆಲ್ ಎಂಬ ದೈತ್ಯ ಕಂಪನಿಯ ಮೊದಲ ಪಾಠಗಳಲ್ಲಿ ಇದೂ ಒಂದು.

ನನ್ನ ಅಜ್ಜಿಯ ಮನೆಯಲ್ಲಿ ಬಚ್ಚಲಿಗೆ ನೀರು ತುಂಬುತ್ತಿದ್ದದ್ದು ಅಂಥದ್ದೇ ಚೌಕ ಡಬ್ಬದಲ್ಲಿ; ಬಾಯಿಗೆ ಅಡ್ಡ ಮರದ ಹಿಡಿ. ಕೊಟ್ಟಿಗೆಯ ಬಾಗಿಲು ಡಾಂಬರು ಡ್ರಮ್ಮಿನ ತಗಡು. ತುಳಸಿಯ ಸಸಿಗಳು ಬೆಳೆದದ್ದು ಹಳದಿ ಬಣ್ಣದ, ತಾಳೆಮರದ ಚಿತ್ರದ ಡಾಲ್ಡಾ ಡಬ್ಬಿಗಳಲ್ಲಿ. ಔಷಧಿ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ಬತ್ತಿ ತೂರಿಸಿದರೆ ಅದೇ ಬುಡ್ಡಿ ದೀಪ. ಅಜ್ಜಿಗೆ ಇದು ಕಲೆಯೂ ಅಲ್ಲ, ಪರಿಸರ ಕಾಳಜಿಯೂ ಅಲ್ಲ. “ಇನ್ನೂ ಜೀವ ಇದೆ, ಎಸೀಬೇಡ” ಎನ್ನುವುದು ಅವಳ ಮಾತು. ಅಮೆರಿಕದ ಇತಿಹಾಸಕಾರ್ತಿ ಸೂಸನ್ ಸ್ಟ್ರಾಸರ್ ‘ವೇಸ್ಟ್ ಆ್ಯಂಡ್ ವಾಂಟ್’ (1999) ಎಂಬ ಪುಸ್ತಕದಲ್ಲಿ ತೋರಿಸುವುದೂ ಇದನ್ನೇ. ಇಪ್ಪತ್ತನೆಯ ಶತಮಾನಕ್ಕೆ ಮೊದಲು ವಸ್ತುವನ್ನು ಉಳಿಸುವುದು, ತೇಪೆ ಹಚ್ಚುವುದು, ಬೇರೆ ಕೆಲಸಕ್ಕೆ ಹಚ್ಚುವುದು ಮನೆವಾರ್ತೆಯ ಸಹಜ ಕಸುಬಾಗಿತ್ತು. ಎಸೆಯುವುದನ್ನು ಜನ ಆಮೇಲೆ ಕಲಿತರು.

ಎಸೆಯುವುದನ್ನು ಕಲಿತ ಮೇಲೆ ಉಳಿಸುವುದಕ್ಕೆ ಹೊಸ ಹೆಸರು ಬೇಕಾಯಿತು. ಒಂದನ್ನೊಂದು ಬೆನ್ನಟ್ಟುವ ಮೂರು ಬಾಣಗಳ ಮರುಬಳಕೆಯ ಚಿಹ್ನೆ ಹುಟ್ಟಿದ್ದು 1970ರಲ್ಲಿ, ಮೊದಲ ಭೂಮಿ ದಿನದ ವರ್ಷ. ಅದನ್ನು ಬರೆದವನು ಗ್ಯಾರಿ ಆ್ಯಂಡರ್ಸನ್ ಎಂಬ 23ರ ಹರೆಯದ ವಿದ್ಯಾರ್ಥಿ. ಆ ಸ್ಪರ್ಧೆ ಏರ್ಪಡಿಸಿದ್ದು ರಟ್ಟಿನ ಪೆಟ್ಟಿಗೆಗಳನ್ನು ತಯಾರಿಸುತ್ತಿದ್ದ ಒಂದು ಕಂಪನಿ, ಕಂಟೇನರ್ ಕಾರ್ಪೊರೇಷನ್ ಆಫ್ ಅಮೆರಿಕ. ಪೆಟ್ಟಿಗೆ ಮಾಡುವವರೇ ಪೆಟ್ಟಿಗೆಯ ಪುನರ್ಜನ್ಮದ ಚಿಹ್ನೆಯನ್ನೂ ಬರೆಸಿದರು.

ನ್ಯೂ ಮೆಕ್ಸಿಕೊದಲ್ಲಿ ಅಷ್ಟರಲ್ಲಿ ತಗಡಿನ ಕಥೆ ತಿರುಗಿತ್ತು. ರೈಲು ಮೊದಲು ಡಬ್ಬಿ, ಗಾಜುಗಳನ್ನು ಹೇರಳವಾಗಿ ತಂದು ಕಸುಬನ್ನು ಬೆಳೆಸಿತು; ಆಮೇಲೆ ಅಗ್ಗದ ಸಿದ್ಧ ಚೌಕಟ್ಟುಗಳನ್ನು ತಂದು ಅದೇ ಕಸುಬನ್ನು ಸೊರಗಿಸಿತು. 1920ರ ದಶಕದಲ್ಲಿ ಪೂರ್ವದಿಂದ ಬಂದು ನೆಲೆಸಿದ ಕಲಾವಿದರು, ಲೇಖಕರು ಹಳೆಯ ಚೌಕಟ್ಟುಗಳನ್ನು ಹುಡುಕಿ ಕೊಳ್ಳತೊಡಗಿದರು. ಲೇಖಕಿ ಮೇರಿ ಆಸ್ಟಿನ್, ಕಲಾವಿದ ಫ್ರ್ಯಾಂಕ್ ಆ್ಯಪಲ್‌ಗೇಟ್ 1925ರಲ್ಲಿ ಕಟ್ಟಿದ ಸಂಘ ಹಿಸ್ಪಾನಿಕ್ ಕುಶಲಕಲೆಗಳಿಗೆ ಮಾರುಕಟ್ಟೆ ಮಾಡಿಕೊಟ್ಟಿತು. ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ಸರಕಾರದ ವೃತ್ತಿಶಾಲೆಗಳು ತಗಡಿನ ಕೆಲಸ ಕಲಿಸಿದವು. ಇದರಿಂದ ಅನೇಕ ಕುಟುಂಬಗಳು ಬದುಕಿದವು. ಆದರೆ ಈಗ ಬಳಸುತ್ತಿದ್ದದ್ದು ಅಂಗಡಿಯಿಂದ ತಂದ ಹೊಸ ತಗಡಿನ ಹಾಳೆ. ಹೊಸದು ಹಳೆಯದರಂತೆ ಕಾಣಲೆಂದು ಹೊಳಪನ್ನು ಮಂಕು ಮಾಡುವುದೂ ಶುರುವಾಯಿತು. ಹೊಳಪಿಗಾಗಿಯೇ ಹುಟ್ಟಿದ ಕಲೆಯ ಹೊಳಪನ್ನು ತೆಗೆದರೆ ಮಾತ್ರ ಕೊಳ್ಳುವವನಿಗೆ ಅದು ‘ನಿಜ’ವೆನಿಸಿತು. ಇಂದಿನ ತಂಪು ಪಾನೀಯದ ಡಬ್ಬಿಯನ್ನು ಎತ್ತಿಕೊಂಡು ಹಳೆಯ ಕಸುಬಿಗೆ ಮರಳೋಣವೆಂದರೆ ಅದು ಅಲ್ಯೂಮಿನಿಯಂ. ತವರದ ಬೆಸುಗೆ ಅದಕ್ಕೆ ಸುಲಭವಾಗಿ ಹಿಡಿಯುವುದಿಲ್ಲ.

ಚೀಲದ ಗತಿಯೂ ಅಷ್ಟೇ. ಈಗ ಫರೊಲಿತೊಗೆಂದೇ ಹೊಸ ಕಾಗದದ ಚೀಲಗಳ ಕಟ್ಟು ಮಾರಾಟಕ್ಕಿರುತ್ತದೆ. ಒಮ್ಮೆಯೂ ಸಕ್ಕರೆ ಕಾಣದ ಚೀಲ. ಇನ್ನೂ ಮುಂದೆ ಹೋಗಿ, ಚೀಲದ ಆಕಾರದ ಪ್ಲಾಸ್ಟಿಕ್ಕಿನೊಳಗೆ ವಿದ್ಯುತ್ ಬಲ್ಬು ಇಟ್ಟು ಮಾಳಿಗೆಯುದ್ದಕ್ಕೂ ತಂತಿ ಎಳೆದರೆ ತಿಂಗಳಿಡೀ ಉರಿಯುತ್ತದೆ. 1996ರಲ್ಲಿ ಸಾಂತಾ ಫೆಯ ಅಂತರರಾಷ್ಟ್ರೀಯ ಜನಪದ ಕಲೆಗಳ ವಸ್ತುಸಂಗ್ರಹಾಲಯ, ಜಗತ್ತಿನ ತಿಪ್ಪೆಗಳಿಂದ ಎದ್ದ ಕಲೆಯ ಬಗ್ಗೆ ಒಂದು ದೊಡ್ಡ ಪ್ರದರ್ಶನ ನಡೆಸಿತು. ಡಬ್ಬಿಯ ಕೆಲಸ ಅಷ್ಟರಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತು ನೋಡಿಸಿಕೊಳ್ಳುವ ವಸ್ತುವಾಗಿತ್ತು.

*

ಇಷ್ಟೆಲ್ಲ ಓದಿ ಬರೆದ ಮೇಲೆ ಬಚ್ಚಲಿನ ಮುಂದೆ ನಾನು ನಕ್ಕ ನಗು ಸರಿಯೇ ಎಂದು ಕೇಳಿಕೊಂಡೆ. 1892ರ ಆ ಗಿರಾಕಿಗಳೂ ಡಬ್ಬಕ್ಕಾಗಿ ಎಣ್ಣೆ ಕೊಂಡವರೇ ಅಲ್ಲವೇ? ಅಕ್ಕ ಬಾಟಲಿಗಾಗಿ ಪಾನೀಯ ಕೊಂಡದ್ದರಲ್ಲಿ ಹೊಸದೇನಿದೆ? ಯೋಚಿಸಿದರೆ ವ್ಯತ್ಯಾಸ ಇದೆ. ಅವರು ಎಣ್ಣೆಯನ್ನೂ ಉರಿಸಿದರು, ಡಬ್ಬವನ್ನೂ ದುಡಿಸಿದರು. ನಾವು ಒಳಗಿನದನ್ನು ಚೆಲ್ಲಿದೆವು. ಹಿಮದ ಬೊಂಬೆಯೂ ಶಾಲೆಯ ಮೇಜಿನ ಮೇಲೆ ಮೂರು ದಿನ ಕೂತು, ಅಂಟಿನ, ಬಣ್ಣದ, ಮಿಂಚಿನ ಪುಡಿಯ ಸಮೇತ ಕಸದ ಗಾಡಿ ಸೇರಿತು. ಬರಿ ಬಾಟಲಿಯಾಗಿದ್ದರೆ ಗುಜರಿಯವನಾದರೂ ಒಯ್ಯುತ್ತಿದ್ದ.

ಆದರೂ ದೋಷ ಮಗುವಿನದಲ್ಲ, ಚೀಟಿ ಕಳಿಸಿದ ಶಿಕ್ಷಕಿಯದೂ ಅಲ್ಲ. ‘ಕಸದಿಂದ ರಸ’ ಎನ್ನುವಾಗ ನಾವು ರಸವನ್ನಷ್ಟೇ ನೋಡುತ್ತೇವೆ. ಕಸಕ್ಕೂ ಒಂದು ಊರು, ಒಂದು ದಾರಿ, ಒಬ್ಬ ಯಜಮಾನ ಇರುತ್ತಾನೆ ಎನ್ನುವುದನ್ನು ಮರೆಯುತ್ತೇವೆ. ಬಡತನವನ್ನು ಸುಂದರವೆಂದು ಹೊಗಳುವ ಅಪಾಯವೂ ಇಲ್ಲಿದೆ. ಗೊನ್ಸಾಲೆಸ್‌ಗೆ ಬೆಳ್ಳಿ ಕೈಗೆಟುಕುವಂತಿದ್ದರೆ ಬೆಳ್ಳಿಯಲ್ಲೇ ಕೆಲಸ ಮಾಡುತ್ತಿದ್ದನೋ ಏನೋ. ಅಜ್ಜಿಗೆ ತಾಮ್ರದ ಕೊಡ ಇದ್ದಿದ್ದರೆ ಸೀಮೆಎಣ್ಣೆ ಡಬ್ಬದಲ್ಲಿ ನೀರು ಹೊರುತ್ತಿರಲಿಲ್ಲ. ಅವರ ಕೈಚಳಕವನ್ನು ಮೆಚ್ಚುವಾಗ ಅವರಿಗಿಲ್ಲದಿದ್ದ ಆಯ್ಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚೌಕಟ್ಟಿನ ಹಿಂಬದಿಯ ಅಕ್ಷರಗಳು ಅದಕ್ಕೇ ಮುಖ್ಯ. ಅವನ್ನು ಯಾರೂ ಉಜ್ಜಿ ಅಳಿಸಲಿಲ್ಲ. ಗೋಡೆಯ ಕಡೆಗೆ ತಿರುಗಿಸಿಟ್ಟರು, ಅಷ್ಟೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಅಜ್ಜಿಯ ಅಟ್ಟದಲ್ಲಿ ಒಂದು ಡಾಲ್ಡಾ ಡಬ್ಬಿ ಸಿಕ್ಕಿತು. ತಳದಲ್ಲಿ ಮೊಳೆಯಿಂದ ಹೊಡೆದ ನಾಲ್ಕು ತೂತು, ತಾಳೆಮರದ ಚಿತ್ರ ಅರ್ಧ ತುಕ್ಕು. ಅಕ್ಕನ ಮಗಳು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಇದು ಯಾವುದಕ್ಕೆ ಚಿಕ್ಕೀ?” ಎಂದಳು. ಇದರಲ್ಲಿ ಮೊದಲು ತುಪ್ಪದ ಬದಲಿಗೆ ಬಳಸುವ ಎಣ್ಣೆ ಇತ್ತು, ಆಮೇಲೆ ಹುಣಸೆಹಣ್ಣು ಇತ್ತು, ಆಮೇಲೆ ತುಳಸಿ ಇತ್ತು ಎಂದೆ. “ಈಗ?” ಎಂದಳು. ಕತ್ತಲಾಗುತ್ತಿತ್ತು. ಡಬ್ಬಿಯನ್ನು ಜಗಲಿಯ ಕಟ್ಟೆಯ ಮೇಲೆ ಬೋರಲು ಹಾಕಿ, ಒಳಗೊಂದು ಹಣತೆ ಹಚ್ಚಿಟ್ಟೆವು. ಬುಡಕ್ಕೆ ಒಂದು ಕಲ್ಲು ಕೊಟ್ಟು ಗಾಳಿಯಾಡಲು ಬಿಟ್ಟೆವು. ನಾಲ್ಕು ತೂತುಗಳಿಂದ ನಾಲ್ಕು ಚುಕ್ಕಿ ಬೆಳಕು ಮೇಲೆ ಹೆಂಚಿನ ಮೇಲೆ ಬಿತ್ತು. ಅಜ್ಜಿ ಒಳಗಿನಿಂದ ಇಣುಕಿ ನೋಡಿ, “ಆಮೇಲೆ ತೊಳೆದು ಅಲ್ಲೇ ಇಡಿ, ಬೇಕಾಗುತ್ತೆ” ಎಂದಳು.